ಐವತ್ತೇಳನೆಯ ಗಿಡದವರೆಗೆ

ನಮ್ಮ ಮಾವನವರ ಹತ್ತಿರ ಒಂದು ಖಾಕಿ ಅಂಗಿ ಇತ್ತು. ಅದರ ತೋಳು, ಕಾಲರು, ಜೇಬು ಎಲ್ಲ ಗಟ್ಟಿಯಾಗಿದ್ದವು. ಎದೆಯ ಮೇಲೆ ಮಾತ್ರ ಬಟ್ಟೆ ಜಾಳಾಗಿ ಒಳಗಿನ ಬನಿಯನ್ ಕಾಣುತ್ತಿತ್ತು. ಬೇವಿನ ತೊಗಟೆ ತಿಕ್ಕಿ ಹಾಗಾಗಿತ್ತು. ವರ್ಷಕ್ಕೊಮ್ಮೆ, ಎಳ್ಳಮವಾಸ್ಯೆ ಕಳೆದ ವಾರ, ಅವರು ಆ ಅಂಗಿ ತೊಟ್ಟು ಗುಡ್ಡದ ಗಿಡಗಳ ಸುತ್ತಳತೆ ತೆಗೆಯಲು ಹೋಗುತ್ತಿದ್ದರು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡವೇ. ಅದರ ಹಿಂದಿನಿಂದ ಟೇಪು ಹಾಯಿಸಬೇಕಾದರೆ ಎರಡೂ ಕೈಯಿಂದ ತಬ್ಬಿಕೊಳ್ಳಬೇಕು, ಎದೆಯನ್ನು ಕಾಂಡಕ್ಕೆ ಆನಿಸಬೇಕು. ಅಂಗಿ ಒಗೆಯುವಾಗ ನಾನು ಆ ಜಾಗವನ್ನು ಬ್ರಷ್‌ನಿಂದ ತಿಕ್ಕುತ್ತಿರಲಿಲ್ಲ. ನೀರಲ್ಲಿ ಅದ್ದಿ ಹಿಂಡದೆ ಹರವುತ್ತಿದ್ದೆ.

ಕೊನೆಯ ಸಲ ಅವರು ಅದನ್ನು ತೊಟ್ಟ ದಿನ ವಿಶೇಷವೇನೂ ಇರಲಿಲ್ಲ. ಮುಂಜಾನೆ ಚಳಿ ಇತ್ತು. ಅವರು ಚಹದಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ತಿಂದರು. ನಾನು ಅಂಕಿ ಬರೆಯುವ ವಹಿ, ಎರಡು ಪೆನ್ನು, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡೆ. ಗುಡ್ಡದಲ್ಲಿ ನೂರಾ ಹತ್ತು ಬೇವಿನ ಗಿಡ. ಒಂದನೆಯದರಿಂದ ಶುರುಮಾಡಿ ಐವತ್ನಾಲ್ಕು ಮುಗಿಸುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿ ಒಂದು ಚಕ್ಕಡಿ ದಾರಿ ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಅದನ್ನು ದಾಟಿ ಇನ್ನೂ ಮೂರು ಗಿಡ ಅಳೆದೆವು. ಆ ದಿನ ನನ್ನ ತವರಿನಿಂದ, ನಿಪ್ಪಾಣಿಯಿಂದ, ಅಣ್ಣ ಬರುವವನಿದ್ದ. ನನ್ನ ಜೀವವೆಲ್ಲ ಮನೆಯ ಕಡೆ ಇತ್ತು. "ಮಾವಾರ, ಉಳದದ್ದ ನಾಳೆ ಮಾಡೂಣ್ರಿ" ಅಂದೆ.

ಅವರು ಐವತ್ತೆಂಟನೆಯ ಗಿಡದ ಮುಂದೆ ಟೇಪು ಹಿಡಿದು ನಿಂತಿದ್ದರು. ಗಿಡವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಆತ ತಗೋ ಯವ್ವಾ. ಹತ್ತ ವರ್ಷ ತಡದೀವಿ, ಒಂದ ದಿನಾ ತಡಿಯೂದ ಏನ ದೊಡ್ಡದು" ಎಂದು ಟೇಪು ಸುತ್ತಿದರು.

ಮರುದಿನ ಮುಂಜಾನೆ ಅದೇ ಅಂಗಿ ತೊಟ್ಟು ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಮೆಟ್ಟಲು ಬಗ್ಗಿದವರು ಮತ್ತೆ ನೆಟ್ಟಗೆ ಕೂರಲಿಲ್ಲ. ಅಥಣಿಯ ದವಾಖಾನೆಗೆ ಒಯ್ಯುವ ದಾರಿಯಲ್ಲೇ ಹೋದರು.

ಆ ಎರಡನೆಯ ದಿನ ನಮಗೆ ಎಷ್ಟು ಬೇಕಾಗಿತ್ತು ಎಂಬುದು ಬಂಧುಗಳಾರಿಗೂ ತಿಳಿಯದು. ಗಿಡ ಅಳೆಯುವುದು ಮುದುಕನ ಹುಚ್ಚು ಎಂದೇ ಅವರು ತಿಳಿದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ತೆಲಸಂಗದ ಆಚೆಯ ಗುಡ್ಡದ ಗೈರಾಣದಲ್ಲಿ, ಅಂದರೆ ಊರ ದನ ಮೇಯುವ ಹುಲ್ಲುಗಾವಲಿನಲ್ಲಿ, ಸರಕಾರ ಬೆಳೆಸಿದ ನೆಡುತೋಪಿಗೆ ಕಾವಲುಗಾರರಾಗಿದ್ದರು. ಕೊರಳಲ್ಲೊಂದು ಸೀಟಿ, ಕೈಯಲ್ಲೊಂದು ಬಡಿಗೆ. ಆಡು ಕಂಡರೆ ಸೀಟಿ ಊದುವುದು, ಕೊಡಲಿ ಕಂಡರೆ ಓಡುವುದು, ಇಷ್ಟೇ ಕೆಲಸ. ಓದು ಮೂರನೆಯ ಇಯತ್ತೆಯವರೆಗೆ. ಅಂಕಿ ಚೆನ್ನಾಗಿ ಗುರುತಿಸುತ್ತಿದ್ದರು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು, ಬರೆಯಲು ಕೈ ಬರುತ್ತಿರಲಿಲ್ಲ.

ನಾನು ಸೊಸೆಯಾಗಿ ಬಂದ ವರ್ಷವೇ ಅಳತೆಯ ಕೆಲಸ ಶುರುವಾಯಿತು. ದೂರದ ಕಾಲೇಜೊಂದರಿಂದ ಒಬ್ಬ ಮೇಡಂ ಬಂದಿದ್ದರು. ಬೇವಿನ ಗಿಡಗಳಿಗೆ ನಂಬರು ಹೊಡೆದು, ಎದೆಯೆತ್ತರಕ್ಕೆ ಬಿಳಿ ಬಣ್ಣದ ಗೆರೆ ಎಳೆದು, ಮಾವನವರ ಕೈಗೆ ಟೇಪು ಕೊಟ್ಟರು. ಬರೆಯುವವರು ಯಾರು ಎಂಬ ಮಾತು ಬಂದಾಗ ಮಾವನವರು, ನಮ್ಮ ಸೊಸೆ ಹತ್ತು ಪಾಸಾಗಿದ್ದಾಳೆ ಎಂದರಂತೆ. ನನ್ನನ್ನು ಕೇಳಿರಲಿಲ್ಲ. ನಮ್ಮ ಮನೆಯವರು ಅಥಣಿಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಹೊಸ ಸೊಸೆ ಮಾವನ ಜೊತೆ ಗುಡ್ಡಕ್ಕೆ ಹೋಗುವುದು ಹೇಗೆ ಎಂದು ನಾನು ಅಡಿಗೆಮನೆಯಲ್ಲೇ ನಿಂತೆ. ಅತ್ತೆ ಮಾತ್ರ ನಗುತ್ತ, "ಹೋಗ ಬೇ. ನನ್ನ ನಡಾ ಒಂದ ದಿನಾ ಅಳೀಲಿಲ್ಲ ಈ ಮನಶ್ಯಾ, ಬೇವಿನ ಗಿಡದ ನಡಾ ಹೆಂಗ ಅಳೀತಾರ ನೋಡಿ ಬಾ" ಅಂದರು.

ಮಾವನವರೆದುರು ತಲೆಯ ಮೇಲಿನ ಸೆರಗು ಜಾರಬಾರದು, ಕೂರಬಾರದು, ದನಿ ಎತ್ತಬಾರದು. ಹೀಗೆ ಕಲಿತು ಬಂದವಳು ನಾನು. ಮೊದಲ ದಿನ ಗುಡ್ಡದಲ್ಲಿ ನನ್ನ ಸೆರಗು ಜಾಲಿಯ ಮುಳ್ಳಿಗೆ ಸಿಕ್ಕುತ್ತಲೇ ಇತ್ತು. ಬಿಡಿಸಿಕೊಳ್ಳುವುದರಲ್ಲೇ ಎರಡು ಅಂಕಿ ತಪ್ಪಿದವು. ನಾಲ್ಕನೆಯ ಸಲ ಸಿಕ್ಕಾಗ ಮಾವನವರು ಬೇರೆ ಕಡೆ ಮುಖ ತಿರುಗಿಸಿ ಹೇಳಿದರು: "ಸೆರಗ ನಡಕ್ಕ ಸಿಗಸ್ಕೋ ಯವ್ವಾ. ಇಲ್ಲಿ ಗಿಡಗೋಳ ಅದಾವ, ಏನೂ ಅನ್ನಂಗಿಲ್ಲ." ಅಂದಿನಿಂದ ಗುಡ್ಡದಲ್ಲಿ ನಾನು ಸೆರಗು ಸಿಕ್ಕಿಸಿಕೊಂಡು, ಕಲ್ಲಿನ ಮೇಲೆ ಕುಳಿತು ಬರೆಯುತ್ತಿದ್ದೆ. ಊರ ಹೆಬ್ಬಾಗಿಲಿಗೆ, ಅಗಸಿಗೆ, ಬರುವಷ್ಟರಲ್ಲಿ ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದೆ. ಅವರು ಅಲ್ಲಿಗೆ ಬಂದಾಗ ಎರಡು ಹೆಜ್ಜೆ ಮುಂದೆ ಹೋಗಿ, ನಾನು ಸರಿಮಾಡಿಕೊಳ್ಳುವವರೆಗೆ ಬೀಡಿ ಹಚ್ಚುವ ನೆವದಲ್ಲಿ ನಿಲ್ಲುತ್ತಿದ್ದರು. ಹತ್ತು ವರ್ಷ ಇದು ತಪ್ಪಲಿಲ್ಲ.

ಟೇಪು ಹಿಡಿಯುವುದರಲ್ಲಿ ಅವರದೇ ಒಂದು ರೀತಿ ಇತ್ತು. ಮೊದಲು ಅಂಗೈಯಿಂದ ಬಿಳಿ ಗೆರೆಯ ಮೇಲಿನ ಧೂಳು, ಎದ್ದ ತೊಗಟೆ ಸವರಿ ತೆಗೆಯುವರು. ತಬ್ಬಿ ಟೇಪು ಹಾಯಿಸುವರು. ಎರಡು ತುದಿ ಕೂಡಿಸಿ, ಟೇಪಿನ ಬೆನ್ನಿಗೆ ಬೆರಳಿಂದ ಎರಡು ಸಲ ತಟ್ಟುವರು. ಉಸಿರು ಬಿಟ್ಟು ಆಮೇಲೆ ಅಂಕಿ ಓದುವರು. "ಎಳದ ಹಿಡದರ ಗಿಡ ಸಣ್ಣದ ಆಗತೈತಿ, ಸಡಲ ಬಿಟ್ಟರ ದೊಡ್ಡದ ಆಗತೈತಿ. ಗಿಡ ತಾ ಇದ್ದಷ್ಟ ಇರತೈತಿ, ಹೆಚ್ಚು ಕಡಿಮಿ ಆಗೂದ ನಮ್ಮ ಕೈಯಾಗ" ಎನ್ನುತ್ತಿದ್ದರು. ಮೇಡಂ ಕೂಡ ಅದನ್ನೇ ಹೇಳಿದ್ದರು. ಗಿಡ ವರ್ಷಕ್ಕೆ ದಪ್ಪವಾಗುವುದು ಟೇಪಿನ ಕೆಲವೇ ಗೆರೆ. ಕೈ ಬದಲಾದರೆ ಅಷ್ಟು ವ್ಯತ್ಯಾಸ ಕೈಯಿಂದಲೇ ಬಂದುಬಿಡುತ್ತದೆ. ಆದ್ದರಿಂದ ಅದೇ ಟೇಪು, ಅದೇ ಕೈ, ಹತ್ತು ವರ್ಷ.

ಯಾಕೆ ಅಳೆಯಬೇಕು ಎಂಬುದನ್ನು ಮೇಡಂ ಒಂದು ಮಧ್ಯಾಹ್ನ ಹುಲಗಲದ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತಾಗ ಹೇಳಿದರು. ಹುಲಗಲ ಅಂದರೆ ಹೊಂಗೆ. ಹಳ್ಳದ ದಂಡೆಗೆ ಅದರದೊಂದು ಸಾಲಿತ್ತು. ಹೊಗೆಯಿಂದ, ಎಂಜಿನ್ನಿನಿಂದ, ಕಾರ್ಖಾನೆಯಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ. ಗಿಡಕ್ಕೆ ಅದೇ ಊಟ. ಊಟ ಹೆಚ್ಚಾದರೆ ಗಿಡ ಹೆಚ್ಚು ಬೆಳೆಯಬೇಕು, ಮೊದಮೊದಲು ಬೆಳೆಯುತ್ತದೆ ಕೂಡ. ಆದರೆ ಬೆಳೆಯಲು ಮಣ್ಣಿನ ಸಾರಜನಕವೂ ಬೇಕು. ಗಿಡ ಬೇಗ ಬೇಗ ಅದನ್ನು ಎಳೆದುಕೊಂಡು ತನ್ನ ಕಟ್ಟಿಗೆಯಲ್ಲಿ ಕೂಡಿಟ್ಟುಕೊಂಡರೆ ಮಣ್ಣಲ್ಲಿ ಕಡಿಮೆಯಾಗುತ್ತದೆ. ಎಲೆಯಲ್ಲೂ ಸತ್ವ ಕಡಿಮೆಯಾಗುತ್ತದೆ. ಅಂಥ ಎಲೆ ಉದುರಿದರೆ ಬೇಗ ಕೊಳೆಯುವುದಿಲ್ಲ, ಮಣ್ಣಿನ ಹುಳುಹುಪ್ಪಡಿಗೆ ಅದು ರುಚಿಸುವುದಿಲ್ಲ. ಹೀಗಾಗಿ ಮಣ್ಣಿಗೆ ಮರಳಿ ಬರುವುದೂ ತಡ. ಕೊನೆಗೆ ಗಾಳಿಯಲ್ಲಿ ಊಟ ತುಂಬಿದ್ದರೂ ಗಿಡ ನಿಂತಲ್ಲೇ ನಿಲ್ಲಬಹುದು. ನಮ್ಮಂಥ ಬಡ ಮಣ್ಣಲ್ಲಿ ಹಾಗಾಗುತ್ತಿದೆಯೇ, ಇಲ್ಲವೇ? ಮಳೆಯದೆಷ್ಟು, ಗಾಳಿಯದೆಷ್ಟು, ಮಣ್ಣಿನದೆಷ್ಟು ಎಂದು ಬಿಡಿಸಿ ನೋಡಲು ವರ್ಷಗಳೇ ಬೇಕು, ಅದೂ ಯಾರೂ ಏನೂ ಹಾಕದೆ, ಏನೂ ತೆಗೆಯದೆ ಬಿಟ್ಟ ಮಣ್ಣಲ್ಲಿ.

ನಾನು ಶಾಲೆಯಲ್ಲಿ ಓದಿದ್ದು ನೆನಪಿಸಿಕೊಳ್ಳುತ್ತ ಕುಳಿತಿದ್ದೆ. ಮಾವನವರು ತಮ್ಮ ಬುತ್ತಿಯನ್ನೇ ನೋಡುತ್ತಿದ್ದರು. "ಅಂದರ ರೊಟ್ಟಿ ರಾಶಿ ಬಿದ್ದೈತಿ, ಬ್ಯಾಳಿ ಇಲ್ಲ" ಅಂದರು.

ಮೇಡಂ ತುತ್ತು ಕೈಯಲ್ಲೇ ಹಿಡಿದು ನಕ್ಕರು. ನಾನು ಒಂದು ಗಂಟೆ ಹೇಳಿದ್ದನ್ನು ನೀವು ಒಂದು ಮಾತಲ್ಲಿ ಹೇಳಿದಿರಿ ಎಂದರು. ಬ್ಯಾಳಿಯಲ್ಲಿ ಇರುವುದೂ ಅದೇ ಸಾರಜನಕವಂತೆ. ಆಮೇಲೆ ಮಾವನವರು ಹುಲಗಲದ ಬೇರೊಂದನ್ನು ಕೆದರಿ, ಅದರ ಮೇಲಿನ ಸಣ್ಣ ಸಣ್ಣ ಗಂಟು ತೋರಿಸಿ, ಇದೇನು ಎಂದು ಕೇಳಿದರು. ಈ ಜಾತಿಯ ಗಿಡಗಳು ಆ ಗಂಟುಗಳಲ್ಲಿ ಗಾಳಿಯಿಂದಲೇ ಸಾರಜನಕ ಹಿಡಿಯುತ್ತವೆ, ಬೇವಿಗೆ ಆ ಭಾಗ್ಯವಿಲ್ಲ ಎಂದರು ಮೇಡಂ. "ಇವು ಶ್ಯಾಣ್ಯಾ. ತಮ್ಮ ಬುತ್ತಿ ತಾವ ಕಟಗೊಂಡ ಬಂದಾವ" ಎಂದು ಮಾವನವರು ಬೇರನ್ನು ಮತ್ತೆ ಮಣ್ಣಿಂದ ಮುಚ್ಚಿದರು.

ಆ ದಿನದಿಂದ ಅವರಿಗೆ ಬೇವಿನ ಗಿಡಗಳು ಅರೆಹೊಟ್ಟೆಯವಾದವು. ಗಿಡದ ಬುಡಕ್ಕೆ ಕೂತು ಹಿಂದಿನ ವರ್ಷದ ಎಲೆ ಎತ್ತಿ ನೋಡುವರು. ನರಗಳು ಹಾಗೇ ಇರುತ್ತಿದ್ದವು. "ಕೊಳಿವಲ್ದವಾ. ನೆಲಾನೂ ಹಸದೈತಿ, ಕೊಡೂದ ಎಲ್ಲಿಂದ" ಎನ್ನುವರು. ಎಳ್ಳಮವಾಸ್ಯೆಗೆ ಎಲ್ಲರೂ ತಮ್ಮ ತಮ್ಮ ಹೊಲಕ್ಕೆ ಹೋಗಿ ಅಡಿಗೆಯನ್ನು ಭೂಮಿಗೆ ಚರಗ ಚೆಲ್ಲಿ ಬರುತ್ತಾರಲ್ಲ, ಇವರು ನಮ್ಮ ಎರಡೆಕರೆಯಲ್ಲಿ ಚೆಲ್ಲಿದ ಮೇಲೆ ಬುಟ್ಟಿಯಲ್ಲಿ ಒಂದಿಷ್ಟು ಉಳಿಸಿಕೊಂಡು ಗುಡ್ಡದ ಕಡೆ ಹೋಗುವರು. ಮೇಡಂ ಏನೂ ಹಾಕಬಾರದು ಅಂದಿದ್ದಾರೆ ಎಂದು ನಾನು ಒಮ್ಮೆ ನೆನಪಿಸಿದೆ. ಬೇಲಿಯ ಹೊರಗೆ ಚೆಲ್ಲುತ್ತೇನೆ, ವಾಸನೆಯಾದರೂ ಹೋಗಲಿ ಎಂದರು. ಅವರು ಹೊರಗೇ ಚೆಲ್ಲಿದ್ದನ್ನು ನಾನು ನೋಡಿದ್ದೇನೆ.

ಆರು ವರ್ಷ ಅಳತೆ ನಡೆಯಿತು. ಬೇವುಗಳು ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಕಡಿಮೆ ಬೆಳೆದವು. ಮಳೆ ಚೆನ್ನಾಗಿ ಬಿದ್ದ ವರ್ಷವೂ ಹಾಗೇ. ಮೇಡಂ ಬಂದಾಗಲೆಲ್ಲ ವಹಿ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಈ ವಹಿ ಬಹಳ ದೊಡ್ಡದು, ಇಂಥ ಬಯಲುನಾಡಿನ ಲೆಕ್ಕ ಯಾರೂ ಇಟ್ಟಿಲ್ಲ, ಹತ್ತು ತುಂಬಲಿ ಎನ್ನುತ್ತಿದ್ದರು. ಅವರಿಗೆ ಅದು ಸಂತೋಷದ ಸಂಗತಿಯಾಗಿರಲಿಲ್ಲ, ಆದರೆ ಬೇಕಾದದ್ದಾಗಿತ್ತು. ಮಾವನವರಿಗೆ ಅದನ್ನು ನೋಡಿ ಸುಮ್ಮನಿರುವುದು ಆಗಲಿಲ್ಲ.

ಏಳನೆಯ ವರ್ಷದ ಅಳತೆಗೆ ಹೋದಾಗ ಒಂದನೆಯ ಗಿಡದ ಅಂಕಿ ಕೇಳಿ, ಮಾವನವರು ತಪ್ಪು ಓದಿದರೆಂದುಕೊಂಡೆ. ಹಿಂದಿನ ಮೂರು ವರ್ಷದ ಬೆಳವಣಿಗೆ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಇನ್ನೊಮ್ಮೆ ಓದಿ ಎಂದೆ. ಅದೇ ಅಂಕಿ. ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ. ಎಲೆ ಕೂಡ ಕಡುಹಸಿರು. ನನಗೆ ಖುಷಿಯಾಯಿತು. ಮಾವನವರು ಮಾತ್ರ ಆ ದಿನ ಬರಿಯ ಅಂಕಿ ಹೇಳುತ್ತಿದ್ದರು. ಐವತ್ನಾಲ್ಕು ಮುಗಿಸಿ ಚಕ್ಕಡಿ ದಾರಿ ದಾಟಿದೆವು. ಐವತ್ತೈದನೆಯ ಗಿಡ ಹಿಂದಿನಂತೆಯೇ ಸೊರಗಿತ್ತು. ಐವತ್ತಾರು, ಐವತ್ತೇಳು, ಎಪ್ಪತ್ತು, ಎಲ್ಲವೂ ಹಾಗೇ.

ನಾನು ವಹಿಯಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ನೋಡುತ್ತ ಕುಳಿತೆ. ಮಾವನವರು ಟೇಪು ಸುತ್ತಿ ನನ್ನೆದುರಿನ ಕಲ್ಲಿನ ಮೇಲೆ ಕುಳಿತರು. ನಾನು ಕೇಳಲಿಲ್ಲ, ಅವರೇ ಹೇಳಿದರು.

ಹಿಂದಿನ ಬೇಸಿಗೆಯ ಕೊನೆಗೆ, ಅವರ ಚಿಕ್ಕಂದಿನ ಗೆಳೆಯನೊಬ್ಬ ಜುಗೂಳದ ಕಡೆಯ ಹೊಳೆಸಾಲಿನಿಂದ ಕುರಿ ಹೊಡೆದುಕೊಂಡು ಬಂದಿದ್ದ. ನಮ್ಮಲ್ಲಿ ಬಿತ್ತನೆಗೆ ಮೊದಲು ಹೊಲದಲ್ಲಿ ರಾತ್ರಿ ಕುರಿ ತರುಬಿಸುವುದುಂಟು. ಕುರಿಗಳು ಮಲಗೆದ್ದ ನೆಲಕ್ಕೆ ಹಿಕ್ಕೆ, ಉಚ್ಚೆ ಎಲ್ಲ ಸೇರಿ ಬೇರೆ ಗೊಬ್ಬರವೇ ಬೇಡ. ನಮ್ಮ ಎರಡೆಕರೆಯಲ್ಲಿ ತರುಬಲೆಂದೇ ಅವನನ್ನು ಕರೆದಿದ್ದು. ಆದರೆ ಮಾವನವರು ಕುರಿಗಳನ್ನು ನಮ್ಮ ಹೊಲಕ್ಕೆ ಹೊಡೆಸಲಿಲ್ಲ, ಗುಡ್ಡಕ್ಕೆ ಹೊಡೆಸಿದರು. ಇಪ್ಪತ್ತು ವರ್ಷ ಒಂದು ಆಡನ್ನೂ ಒಳಗೆ ಬಿಡದ ಮನುಷ್ಯ ತಾನೇ ಬೇಲಿಯ ಮುಳ್ಳು ಸರಿಸಿ ಇನ್ನೂರು ಕುರಿ ಒಳಗೆ ಬಿಟ್ಟಿದ್ದರು. ಮೂರು ರಾತ್ರಿ. ಚಕ್ಕಡಿ ದಾರಿಯ ಈಚೆಗೆ ಮಾತ್ರ. ಆಚೆ ಕಲ್ಲು ಹೆಚ್ಚು, ಕುರಿ ಮಲಗುವುದಿಲ್ಲ.

"ಬರಿ" ಅಂದರು.

"ಏನ ಬರೀಲ್ರಿ?"

"ಕುರಿ ತರಬಿದ್ದ ಬರಿ. ಒಂದರಿಂದ ಐವತ್ನಾಕತನಾ, ಮೂರ ರಾತ್ರಿ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಬರೆದರೆ ಕಾವಲಿನ ಕೆಲಸ ಉಳಿಯುತ್ತದೆಯೋ ಇಲ್ಲವೋ, ಊರಲ್ಲಿ ತಲೆ ಎತ್ತುವುದು ಹೇಗೆ, ಮೇಡಂ ಏನನ್ನುತ್ತಾರೆ, ಎಲ್ಲ ಒಟ್ಟಿಗೆ ತಲೆಗೆ ಬಂತು. ಈ ವರ್ಷ ಮಳೆ ಚಲೋ ಆಯಿತಲ್ಲ, ಮಳೆಯಿಂದ ಬೆಳೆದವು ಎಂದರೆ ಸಾಕು, ಯಾರು ಕೇಳುತ್ತಾರೆ ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಮಳಿ ಐವತ್ನಾಕಕ್ಕ ನಿಂತಿತ್ತೇನ ಯವ್ವಾ?" ಅಂದರು.

ನಾನು ಬರೆದೆ. ಬೇಕಾದರೆ ಅಳಿಸಬಹುದೆಂದು ಚೀಲದಲ್ಲಿದ್ದ ಪೆನ್ಸಿಲ್ಲು ತೆಗೆದು ಬರೆದೆ. ಅವರು ಬಗ್ಗಿ ನೋಡಿದರು. ಅಕ್ಷರ ಓದಲು ತಡವಾಗುತ್ತಿತ್ತು, ಆದರೆ ಬಣ್ಣ ಗೊತ್ತಾಗುತ್ತಿತ್ತು. "ಅಂಕಿ ಪೆನ್ನಲೆ ಬರದಿ. ಇದ ಯಾಕ ಪೆನ್ಸಿಲ್?" ಎಂದರು. ನಾನು ಅದರ ಮೇಲೆಯೇ ಪೆನ್ನಿನಿಂದ ತಿದ್ದಿದೆ. ಇಂದಿಗೂ ಆ ಸಾಲು ಎರಡು ಪದರವಾಗಿ ಕಾಣುತ್ತದೆ.

ಮೇಡಂ ಬಂದ ದಿನ ಅವರು ಚಹ ಕುಡಿಯುವ ಮೊದಲೇ ಮಾವನವರು ಹೇಳಿಬಿಟ್ಟರು. ಮೇಡಂ ವಹಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಳೆಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಆರು ವರ್ಷದ ಕೆಲಸ ಅವರದು. ಬೈಯುತ್ತಾರೆಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಬೈಯಲಿಲ್ಲ.

"ಯಾಕೆ ಮಾಡಿದಿರಿ ಯಜಮಾನ್ರೆ?" ಎಂದರು.

"ಹಸದಿದ್ದುವರಿ" ಅಂದರು ಮಾವನವರು.

ಆಮೇಲೆ ಮೇಡಂ ಎದ್ದು, ಕುರಿ ಎಲ್ಲಿಂದ ಎಲ್ಲಿಯವರೆಗೆ ಮಲಗಿದ್ದವು ತೋರಿಸಿ ಎಂದರು. ಇಬ್ಬರೂ ಗುಡ್ಡಕ್ಕೆ ಹೋದರು, ಹಿಂದೆ ನಾನು. ಮಾವನವರು ಗಿಡಗಿಡಕ್ಕೂ ನಿಂತು, ಇಲ್ಲಿ ಟಗರುಗಳಿದ್ದವು, ಇಲ್ಲಿ ಮರಿಗಳಿದ್ದವು ಎಂದು ತೋರಿಸಿದರು. ಮೇಡಂ ಐವತ್ನಾಲ್ಕೂ ಗಿಡಕ್ಕೆ ಹಳದಿ ಬಣ್ಣದ ಬೊಟ್ಟು ಇಟ್ಟರು. ಹೊರಡುವಾಗ ಹೇಳಿದರು: ಮೊದಲು ಅಂದುಕೊಂಡಿದ್ದ ಲೆಕ್ಕಕ್ಕೆ ಈ ಗಿಡಗಳು ಇನ್ನು ಬರುವುದಿಲ್ಲ, ಅದನ್ನು ಸರಿಮಾಡಲೂ ಆಗುವುದಿಲ್ಲ. ಆದರೆ ಈ ಗಿಡಗಳು ಸಾರಜನಕಕ್ಕೆ ಕಾದಿದ್ದವು ಎಂಬುದಂತೂ ಕಂಡಿತು. ಕುರಿ ಕೊಟ್ಟದ್ದು ಎಷ್ಟು ವರ್ಷ ಉಳಿಯುತ್ತದೆ, ಹಳದಿ ಬೊಟ್ಟಿನವು ಮತ್ತೆ ಆಚೆಯವುಗಳಂತೆ ನಿಲ್ಲುತ್ತವೆಯೇ, ಯಾವಾಗ, ಎಂದು ಹತ್ತನೆಯ ವರ್ಷದವರೆಗೆ ನೋಡಿದರೆ ಅದೂ ಒಂದು ಉತ್ತರ. ಆದರೆ ಎರಡೂ ಕಡೆಯ ಗಿಡ ಅಳೆಯಬೇಕು, ಒಂದೇ ಕೈಯಿಂದ. ಒಂದು ಕಡೆಯದಷ್ಟೇ ಇದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಮಾತು ಊರಿಗೂ ತಿಳಿಯಿತು. ಆಡು ಕಾಯುವ ಹೆಂಗಸರು ಬಾವಿಯ ಕಟ್ಟೆಯ ಮೇಲೆ ಮಾವನವರನ್ನು ಕಂಡರೆ, "ನಮ್ಮ ಆಡ ಬಂದರ ಸೀಟಿ, ದೋಸ್ತನ ಕುರಿ ಬಂದರ ಹಾಸಿಗಿ" ಎನ್ನುತ್ತಿದ್ದರು. ಮಾವನವರು ಸೀಟಿಯನ್ನು ಕೊರಳಿಂದ ತೆಗೆದು ಅರಣ್ಯ ಇಲಾಖೆಯ ಸಾಹೇಬರ ಮುಂದೆ ಇಟ್ಟು, ತಪ್ಪಾಗಿದೆ ಎಂದು ಹೇಳಿ ಬಂದರು. ಕಾವಲಿಗೆ ಬೇರೆಯವರು ಬಂದರು. ಮರುವರ್ಷ ಮೇಡಂ ಅವರ ಕೆಲಸವೂ ಕಾಗದದ ಮೇಲೆ ಮುಗಿದು, ಅವರನ್ನು ದೂರದ ಊರಿಗೆ ಹಾಕಿದರು. ಇನ್ನು ಯಾರೂ ಅಳೆಯಿರಿ ಎನ್ನುವವರಿರಲಿಲ್ಲ.

ಆದರೂ ಎಂಟನೆಯ ವರ್ಷ ಎಳ್ಳಮವಾಸ್ಯೆ ಕಳೆದ ವಾರ ಮಾವನವರು ಖಾಕಿ ಅಂಗಿ ಕೇಳಿದರು. ಹೊಸ ಕಾವಲುಗಾರನಿಗೆ ಹೇಳಿ ಒಳಗೆ ಹೋದೆವು. ಹಳದಿ ಬೊಟ್ಟಿನ ಗಿಡಗಳು ಆಚೆಯವುಗಳಿಗಿಂತ ಹೆಚ್ಚೇ ಬೆಳೆದಿದ್ದವು, ಆದರೆ ಹಿಂದಿನ ವರ್ಷದಷ್ಟಲ್ಲ. ಒಂಬತ್ತನೆಯ ವರ್ಷ ಇನ್ನೂ ಕಡಿಮೆ. ಆ ವರ್ಷ ಅತ್ತೆ ತೀರಿಕೊಂಡಿದ್ದರು. ಅಳತೆಗೆ ಹೊರಟಾಗ ಹಂಗಿಸುವವರಿಲ್ಲದೆ ಮನೆ ಸುಮ್ಮನಿತ್ತು. ದಾರಿಯಲ್ಲಿ ಮಾವನವರು ಒಮ್ಮೆ, ಅವಳ ನಡುವನ್ನೂ ಒಮ್ಮೆ ಅಳೆದಿದ್ದರೆ ಆಗುತ್ತಿತ್ತು ಎಂದರು. ನಗಬೇಕೋ ಬೇಡವೋ ತಿಳಿಯದೆ ನಾನು ಹಿಂದೆ ನಡೆದೆ.

ಹತ್ತನೆಯ ವರ್ಷಕ್ಕೆ ಅವರು ಕಾಯುತ್ತಿದ್ದ ರೀತಿ ನನಗೆ ಗೊತ್ತು. ಎರಡೂ ಕಡೆಯ ಗಿಡ ಸಮನಾಗಿ ಬೆಳೆದಿದ್ದರೆ, ತಾನು ಹಾಕಿದ್ದು ಮುಗಿಯಿತು, ನೆಲ ಮತ್ತೆ ಮೇಡಂ ಬಿಟ್ಟು ಹೋದ ನೆಲವಾಯಿತು ಎಂದು ಅವರ ಲೆಕ್ಕ. ಗಿಡಗಳು ಮತ್ತೆ ಹಸಿಯುತ್ತವೆ ಎಂಬುದೂ ಅವರಿಗೆ ಗೊತ್ತಿತ್ತು. ಒಂದು ಕಡೆ ಅದನ್ನು ಬೇಡುತ್ತಿದ್ದರು, ಇನ್ನೊಂದು ಕಡೆ ಅದಕ್ಕೆ ಮರುಗುತ್ತಿದ್ದರು. "ಮ್ಯಾಡಮ್ಮಗ ಫೋನ್ ಹಚ್ಚಿ ನಾನ ಹೇಳ್ತೀನಿ, ನೀ ಹೇಳಬ್ಯಾಡ" ಎಂದು ತಿಂಗಳ ಮೊದಲೇ ಹೇಳಿಟ್ಟಿದ್ದರು.

ಆ ಕೊನೆಯ ದಿನ ಐವತ್ನಾಲ್ಕು ಗಿಡಗಳ ಅಂಕಿ ಬಂದವು. ಬಹಳ ಕಡಿಮೆ ಬೆಳೆದಿದ್ದವು. ಮಾವನವರು ವಹಿಯ ಮೇಲೆ ಬೆರಳಾಡಿಸಿ, "ಇಳದಾವ. ಇನ್ನ ಆ ಕಡೀವನ ನೋಡಿದರ ಗೊತ್ತಾತು" ಎಂದರು. ಆ ಕಡೆಯ ಮೂರು ಗಿಡ ಅಳೆದಾಗಲೇ ನಾನು ನಾಳೆ ಅಂದದ್ದು. ಆ ಮೂರರಲ್ಲಿ ಒಂದು ಹಳದಿ ಬೊಟ್ಟಿನವುಗಳಷ್ಟೇ ಬೆಳೆದಿತ್ತು, ಒಂದು ಕಡಿಮೆ, ಒಂದು ಸ್ವಲ್ಪ ಹೆಚ್ಚು. ಮೂರರಿಂದ ಏನೂ ಹೇಳಲಾಗುವುದಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಟೇಪು, ವಹಿ ತೆಗೆದುಕೊಂಡು ಗುಡ್ಡಕ್ಕೆ ಹೊರಟೆ. ಅಳೆದು ಬರೆದುಬಿಡು, ಅಪ್ಪ ಅಳೆದದ್ದೋ ನೀನು ಅಳೆದದ್ದೋ ಯಾರಿಗೆ ಗೊತ್ತಾಗುತ್ತದೆ ಎಂದು ನಮ್ಮ ಮನೆಯವರು ಸಮಾಧಾನಕ್ಕೆ ಹೇಳಿದರು. ನನ್ನ ಕೈ ಅವರ ಕೈಯಂತೆ ಇದೆಯೇ ನೋಡಬೇಕಾಗಿತ್ತು. ಅವರು ಅಳೆದಿದ್ದ ಐವತ್ತೇಳು ಗಿಡಗಳನ್ನೇ ಮತ್ತೆ ಅಳೆದೆ. ಸವರಿದೆ, ತಬ್ಬಿದೆ, ಎರಡು ಸಲ ತಟ್ಟಿದೆ, ಉಸಿರು ಬಿಟ್ಟೆ. ಹತ್ತು ವರ್ಷ ಪಕ್ಕದಲ್ಲಿ ಕುಳಿತು ನೋಡಿದ್ದೆನಲ್ಲ. ಆದರೂ ಒಂದು ಗಿಡಕ್ಕೆ ಒಂದು ಗೆರೆ ಕಡಿಮೆ ಬಂತು, ಒಂದಕ್ಕೆ ಮೂರು ಗೆರೆ, ಒಂದಕ್ಕೆ ಸರಿಯಾಗಿ ಬಂತು. ನಾನು ಎಳೆದು ಹಿಡಿಯುತ್ತೇನೆ, ಅದೂ ಒಂದೇ ಸಮನಾಗಿ ಅಲ್ಲ. ಆ ಗಿಡಗಳು ವರ್ಷವಿಡೀ ಬೆಳೆದದ್ದೇ ಎರಡು ಮೂರು ಗೆರೆ.

ಮೇಡಂಗೆ ಫೋನು ಮಾಡಿದೆ. ಮಾವನವರು ಹೇಳಬೇಕೆಂದಿದ್ದ ಮಾತನ್ನು ನಾನು ಹೇಳಬೇಕಾಯಿತು. ಮೊದಲು ಅವರು ಹೋದ ಸುದ್ದಿ ಹೇಳಿದೆ. ಆಮೇಲೆ ವಹಿಯ ಸಂಗತಿ ಹೇಳಿದೆ. ನಿಮ್ಮ ಕೈಯಿಂದ ಅಳೆದದ್ದನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಅದು ಮುಂದಿನ ಹತ್ತು ವರ್ಷಕ್ಕೆ ಮೊದಲನೆಯ ವರ್ಷವಾಗುತ್ತದೆ, ಅವರ ಸಾಲಿಗೆ ಸೇರಿಸಬೇಡಿ ಎಂದರು. ಅವರು ಹೇಳದಿದ್ದರೂ ನಾನು ಸೇರಿಸುತ್ತಿರಲಿಲ್ಲ. ಈ ವಹಿಯಲ್ಲಿ ಹೇಗೆ ಬರೆಯಬೇಕೆಂದು ನನಗೆ ಒಬ್ಬರು ಕಲಿಸಿದ್ದಾರೆ.

ಉಳಿದ ಗಿಡಗಳನ್ನೂ ಅಳೆದು, ಹೊಸ ಹಾಳೆ ತೆಗೆದು, ಮೇಲೆ 'ಸೊಸೆಯ ಕೈ' ಎಂದು ಪೆನ್ನಿನಿಂದ ಬರೆದೆ. ಕೆಳಗೆ ಒಂದರಿಂದ ನೂರಾ ಹತ್ತು. ಖಾಕಿ ಅಂಗಿ ನನ್ನ ಮೈಗೆ ದೊಡ್ಡದು, ಆದರೂ ಸೀರೆಯ ಮೇಲೆ ತೊಟ್ಟುಕೊಂಡೇ ಅಳೆದೆ, ತೊಗಟೆ ಚುಚ್ಚುತ್ತದೆ. ಸಂಜೆ ಅಗಸಿಯ ಹತ್ತಿರ ಬಂದಾಗ ಸೆರಗು ಸರಿಮಾಡಿಕೊಳ್ಳಲು ನಿಂತೆ. ಮುಂದೆ ಯಾರೂ ಇರಲಿಲ್ಲ.

ಹುಲಗಲದ ಸಾಲು ಈ ವರ್ಷವೂ ಚೆನ್ನಾಗಿದೆ. ಬೇವುಗಳ ಬುಡದಲ್ಲಿ ಕಳೆದ ವರ್ಷದ ಎಲೆ ಇನ್ನೂ ಕೊಳೆತಿಲ್ಲ. ಕುರಿ ಕೊಟ್ಟದ್ದು ಮುಗಿಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಮಾವನವರ ವಹಿಯಲ್ಲಿ ಹತ್ತನೆಯ ವರ್ಷದ ಸಾಲು ಐವತ್ತೇಳಕ್ಕೆ ನಿಂತಿದೆ. ಐವತ್ತೆಂಟರಿಂದ ನೂರಾ ಹತ್ತರವರೆಗಿನ ಅಂಕಿಯ ಮನೆಗಳು ಖಾಲಿ ಇವೆ.